ಗುಳಿಗೆ ಕೊಟ್ಟಿರಿ, ಪಥ್ಯ ಹೇಳಿದಿರಾ?

2025ರ ಆಗಸ್ಟ್ ತಿಂಗಳಿಡೀ ದೇಶ ಬೀದಿನಾಯಿಗಳ ಬಗ್ಗೆ ಮಾತಾಡಿತು. ದೆಹಲಿ ಸೀಮೆಯ ನಾಯಿಗಳನ್ನು ಹಿಡಿದು ಆಶ್ರಯತಾಣಗಳಿಗೆ ಸಾಗಿಸಿ ಎಂದು 11ರಂದು ಸುಪ್ರೀಂ ಕೋರ್ಟಿನ ಒಂದು ಪೀಠ ಹೇಳಿತು. 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿ, ಸಂತಾನಹರಣ ಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಿ ಎಂದಿತು. ಹುಚ್ಚು ಹಿಡಿದವು ಮತ್ತು ಮೇಲೆರಗುವವು ಇದಕ್ಕೆ ಹೊರತು. ಕಂಡಕಂಡ ಬೀದಿಯಲ್ಲಿ ಊಟ ಹಾಕುವಂತಿಲ್ಲ, ಅದಕ್ಕೆಂದೇ ಜಾಗ ಗೊತ್ತುಮಾಡಬೇಕು ಎಂದೂ ಹೇಳಿತು. ಆಮೇಲೆ ನಾವು ಎರಡು ಪಂಗಡವಾದೆವು. ಹಾಕಬೇಕು ಎನ್ನುವವರು ಒಂದು ಕಡೆ, ಹಾಕಕೂಡದು ಎನ್ನುವವರು ಇನ್ನೊಂದು ಕಡೆ. ನನ್ನ ವಿಭಾಗದ ಹಾಸ್ಟೆಲ್ಲಿನಲ್ಲಿ ಇದೇ ವಿಷಯಕ್ಕೆ ಇಬ್ಬರು ಗೆಳತಿಯರು ವಾರಗಟ್ಟಲೆ ಮಾತು ಬಿಟ್ಟಿದ್ದರು. ಇಷ್ಟೆಲ್ಲ ಗದ್ದಲದಲ್ಲಿ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಎತ್ತಿದ್ದು ನಾನು ಕೇಳಲಿಲ್ಲ: ಹಾಕುವುದಾದರೆ ಏನು ಹಾಕುತ್ತೀರಿ?

ಇದು ಸಣ್ಣ ಪ್ರಶ್ನೆ ಅನ್ನಿಸಬಹುದು. ಹಾಗನ್ನಿಸಿದವರು ಐಹೊಳೆಗೆ ಬಂದು ದುರ್ಗ ಗುಡಿಯ ಆವರಣದ ಹೊರಗೆ ಒಂದು ಭಾನುವಾರ ಅರ್ಧ ತಾಸು ನಿಲ್ಲಲಿ. (ಆ ಹೆಸರು ದುರ್ಗಾದೇವಿಯದಲ್ಲ, ದುರ್ಗದ್ದು, ಅಂದರೆ ಕೋಟೆಯದ್ದು. ಗೈಡುಗಳು ದಿನಕ್ಕೆ ಹತ್ತು ಸಲ ಹೇಳಿ ಸುಸ್ತಾಗಿದ್ದಾರೆ, ನಾನೂ ಒಮ್ಮೆ ಹೇಳಿಬಿಡುತ್ತೇನೆ.) ಬಸ್ಸಿನಿಂದಿಳಿದ ಪ್ರವಾಸಿಗರು ಕಲ್ಲಿನ ಫೋಟೊ ತೆಗೆಯುತ್ತಾರೆ, ಆಮೇಲೆ ನಾಯಿಮರಿಯ ಫೋಟೊ ತೆಗೆಯುತ್ತಾರೆ, ಆಮೇಲೆ ಬಿಸ್ಕೀಟಿನ ಪೊಟ್ಟಣ ಒಡೆಯುತ್ತಾರೆ. ಒಂದು ಬಸ್ಸಿಗೆ ಎರಡು ಪೊಟ್ಟಣವಾದರೂ ರಜೆ ದಿನ ಒಂದು ಮರಿಯ ಹೊಟ್ಟೆಗೆ ಎಷ್ಟು ಮೈದಾ, ಎಷ್ಟು ಸಕ್ಕರೆ, ಎಷ್ಟು ತಾಳೆಎಣ್ಣೆ ಬೀಳುತ್ತದೆ ಎಂದು ನೀವೇ ಲೆಕ್ಕ ಹಾಕಿ. ಕ್ರೀಮ್ ಬಿಸ್ಕೀಟು ಚಾಕೊಲೇಟಿನದಾಗಿದ್ದರೆ ಕೇಳುವುದೇ ಬೇಡ. ಚಾಕೊಲೇಟಿನಲ್ಲಿರುವ ಥಿಯೊಬ್ರೊಮಿನ್ ನಾಯಿಗೆ ವಿಷ.

ನಾನು ಓದುತ್ತಿರುವುದು ಶಾಸನಗಳನ್ನು, ಅದರಲ್ಲೂ ದಾನಶಾಸನಗಳನ್ನು. ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕ ಸಂಘಕ್ಕೆ ಹೆಸರು ಕೊಟ್ಟ ಊರಿದು. ಹಳೆಯ ದಾನಶಾಸನಗಳಲ್ಲಿ ನನಗೆ ಇಷ್ಟವಾಗುವುದು ಅವುಗಳ ಲೆಕ್ಕ. ನಂದಾದೀವಿಗೆಗೆ ಎಷ್ಟು ಎಣ್ಣೆ, ನೈವೇದ್ಯಕ್ಕೆ ಎಷ್ಟು ಅಕ್ಕಿ, ತಪೋಧನರ ಊಟಕ್ಕೆ ಎಷ್ಟು ಮತ್ತರು ಭೂಮಿ, ಅದನ್ನು ಯಾವ ಕೋಲಿನಿಂದ ಅಳೆಯಬೇಕು ಎಂಬುದೆಲ್ಲ ಬರೆದಿರುತ್ತದೆ. ಕೊಡುವವನ ಭಾವನೆಯ ಬಗ್ಗೆ ಒಂದು ಸಾಲಿದ್ದರೆ ಕೊಡುವ ವಸ್ತುವಿನ ಬಗ್ಗೆ ಹತ್ತು ಸಾಲಿರುತ್ತದೆ. ನಮ್ಮ ಕಾಲದ ದಾನದಲ್ಲಿ ಇದು ತಿರುಗಾಮುರುಗಾ ಆಗಿದೆ. ಭಾವನೆಗೆ ಹತ್ತು ಸಾಲು, ಜೊತೆಗೊಂದು ಸೆಲ್ಫಿ. ವಸ್ತು ಯಾವುದಾದರೂ ನಡೆಯುತ್ತದೆ.

ಬಿಸ್ಕೀಟಿನ ಮಾತು ಸುಲಭ, ಬೈಯುವುದಕ್ಕೆ ಪ್ರವಾಸಿಗ ಸಿಗುತ್ತಾನೆ. ನನ್ನ ತಕರಾರು ಇರುವುದು ಅದಕ್ಕಿಂತ ಮುಂದೆ, ಮರಿಗೆ ಕಾಯಿಲೆಯಾಗಿ, ವೈದ್ಯರು ಬಂದು, ಔಷಧ ಶುರುವಾದ ಮೇಲೆ ನಡೆಯುವುದರ ಬಗ್ಗೆ.

ಹೋದ ವರ್ಷ ನಾನು ಉಣ್ಣುತ್ತಿದ್ದ ಮನೆಯ ಎದುರು ಮೂರು ತಿಂಗಳ ಒಂದು ಕುನ್ನಿಯ ಹಿಂಗಾಲಿಗೆ ಬೈಕು ತಾಗಿ ಗಾಯವಾಯಿತು, ಗಾಯ ಕೀವು ತುಂಬಿತು. ಒಬ್ಬ ಪಶುವೈದ್ಯರು ನೋಡಿ ಇಂಜೆಕ್ಷನ್ ಹಾಕಿ, ಐದು ದಿನದ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಗುಳಿಗೆ ಬರೆದುಕೊಟ್ಟರು. ಒಳ್ಳೆಯ ಕೆಲಸ, ಗಾಯಕ್ಕೆ ಅದು ಬೇಕಿತ್ತು. ಚೀಟಿ ಇಂಗ್ಲಿಷಿನಲ್ಲಿತ್ತು, ಎರಡು ಸಾಲು. ದಿನಕ್ಕೆ ಎರಡು ಸಲ ಎಂಬುದಷ್ಟೇ ಮನೆಯವರಿಗೆ ಗೊತ್ತಾಗಿದ್ದು. ಮೂರನೆಯ ದಿನ ಮರಿಗೆ ಭೇದಿ ಶುರುವಾಯಿತು.

ಆಗ ಓಣಿಯಲ್ಲಿ ನಡೆದ ವೈದ್ಯ ಸಮ್ಮೇಳನವನ್ನು ನೀವು ನೋಡಬೇಕಿತ್ತು. "ಗುಳಿಗಿ ಭಾಳ ಕಾವ ಅಕ್ಕಾರ, ಬಂದ್ ಮಾಡಸ್ರಿ, ಹಾಲ ಹಾಕ್ರಿ, ಹೊಟ್ಟಿ ತಂಪಾಗತೈತಿ" ಎಂದರು ಒಬ್ಬರು. "ಒಂದ್ ದಿನ ಉಪವಾಸ ಕೆಡವವ್ವಾ, ತಾನ ಸರಿ ಆಗತೈತಿ" ಎಂದಳು ಒಬ್ಬ ಅಜ್ಜಿ. ಔಷಧದ ಅಂಗಡಿಯವರೊಬ್ಬರು ಮನುಷ್ಯರ ಭೇದಿಗೆ ಕೊಡುವ ಇನ್ನೊಂದು ಆಂಟಿಬಯಾಟಿಕ್ಕಿನ ಪಟ್ಟಿಯನ್ನು ಅರ್ಧ ಕತ್ತರಿಸಿ, ಚೀಟಿ ಕೇಳದೆ ಕೊಟ್ಟು ಕಳಿಸಿದರು. ಮನೆಯ ಹುಡುಗ ಎಲ್ಲರ ಮಾತನ್ನೂ ಕೇಳಿದ್ದರೆ ಆ ಮರಿಯ ಹೊಟ್ಟೆಯೊಳಗೆ ಆ ರಾತ್ರಿ ಹಾಲು, ಎರಡು ಬಗೆಯ ಆಂಟಿಬಯಾಟಿಕ್ಕು ಇರುತ್ತಿದ್ದವು, ಕಾಲಿನ ಗಾಯಕ್ಕೆ ಬೇಕಾದ ಗುಳಿಗೆ ಮಾತ್ರ ನಿಂತುಹೋಗಿರುತ್ತಿತ್ತು. ಹುಡುಗ ಹಾಗೆ ಮಾಡಲಿಲ್ಲ, ವೈದ್ಯರಿಗೇ ಫೋನ್ ಹಚ್ಚಿದ. ಅವರು ಎರಡೇ ನಿಮಿಷದಲ್ಲಿ ಎಲ್ಲವನ್ನೂ ಸ್ವಚ್ಛ ಕನ್ನಡದಲ್ಲಿ ಹೇಳಿದರು. ಗುಳಿಗೆ ನಿಲ್ಲಿಸಬೇಡ, ಖಾಲಿ ಹೊಟ್ಟೆಗೆ ಕೊಡಬೇಡ, ಹಾಲು ಬೇಡ, ಮೆತ್ತಗೆ ಬೇಯಿಸಿದ ಅನ್ನ ಇಷ್ಟಿಷ್ಟೇ ಹಾಕು, ನೀರು ಕುಡಿಯುತ್ತದೋ ನೋಡು, ರಕ್ತ ಬಿದ್ದರೆ ತಕ್ಷಣ ತಗೊಂಡು ಬಾ.

ಎರಡು ನಿಮಿಷದ ಮಾತು. ಅವರಿಗೆ ಗೊತ್ತಿತ್ತು, ಹೇಳಲು ಬರುತ್ತಿತ್ತು. ಫೋನ್ ಮಾಡುವವರೆಗೆ ಹೇಳಿರಲಿಲ್ಲ. ನನ್ನ ಜಗಳ ಇರುವುದು ಈ ಎರಡು ನಿಮಿಷದ ಬಗ್ಗೆ.

ಕನ್ನಡದಲ್ಲಿ ಪಥ್ಯ ಎಂಬ ಮಾತಿದೆ. ಮದ್ದಿನ ಜೊತೆ ಪಥ್ಯ ಹೇಳದವನನ್ನು ನಮ್ಮ ಹಳ್ಳಿಗಳು ವೈದ್ಯ ಎಂದು ಒಪ್ಪುತ್ತಲೇ ಇರಲಿಲ್ಲ. ಬದನೆಕಾಯಿ ತಿನ್ನಬಹುದೇ, ಮಜ್ಜಿಗೆ ಕುಡಿಯಬಹುದೇ ಎಂದು ಕೇಳದೆ ನಮ್ಮವರು ಇವತ್ತಿಗೂ ಡಾಕ್ಟರ ಕೋಣೆಯಿಂದ ಏಳುವುದಿಲ್ಲ, ಡಾಕ್ಟರು ಎಷ್ಟೇ ಮುಖ ಸಿಂಡರಿಸಲಿ. ಮನುಷ್ಯನ ವಿಷಯದಲ್ಲಿ ಇಷ್ಟು ಪಟ್ಟು ಹಿಡಿಯುವ ನಾವು ನಾಯಿಯ ವಿಷಯ ಬಂದಾಗ ಗುಳಿಗೆಯನ್ನಷ್ಟೇ ಔಷಧ ಎಂದುಕೊಂಡುಬಿಟ್ಟಿದ್ದೇವೆ. ನಾಯಿಗೆಂಥ ಪಥ್ಯ, ಅದು ಏನು ಬೇಕಾದರೂ ತಿಂದು ಅರಗಿಸಿಕೊಳ್ಳುತ್ತದೆ ಎಂಬುದು ಎಲ್ಲರ ನಂಬಿಕೆ.

ಈ ನಂಬಿಕೆಯಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಅದು ಗಟ್ಟಿ. 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ, ಪಿಷ್ಟವನ್ನು ಅರಗಿಸುವ ಅಮೈಲೇಸ್ ಕಿಣ್ವದ ವಂಶವಾಹಿ ನಾಯಿಯಲ್ಲಿ ತೋಳಕ್ಕಿಂತ ಬಹಳ ಹೆಚ್ಚು ಪ್ರತಿಗಳಲ್ಲಿ ಇದೆ ಎಂದು ತೋರಿಸಿತು. ಅಂದರೆ ನಾಯಿ ಸಾವಿರಾರು ವರ್ಷ ನಮ್ಮ ಒಲೆಯ ಪಕ್ಕ ಕೂತು ಅನ್ನ-ರೊಟ್ಟಿಗೆ ಒಗ್ಗಿಕೊಂಡ ಪ್ರಾಣಿ. ಆದರೆ ಅದು ಒಗ್ಗಿದ್ದು ಅನ್ನಕ್ಕೆ, ನಮ್ಮ ಇಡೀ ತಾಟಿಗಲ್ಲ. ಹುನಗುಂದ, ಬಾದಾಮಿ ಕಡೆಯ ತಾಟನ್ನೇ ನೋಡಿ. ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ, ಪಲ್ಯದಲ್ಲಿ ಉಳ್ಳಾಗಡ್ಡಿ, ಸಾರಿನಲ್ಲಿ ಬಳ್ಳೊಳ್ಳಿ, ಚಟ್ನಿಯಲ್ಲಿ ಖಾರ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಈ ಸೀಮೆಯ ಹೆಮ್ಮೆಯಾದ ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತವೆ. ದೊಡ್ಡ ನಾಯಿ ಒಂದು ತುತ್ತು ಸಾರನ್ನ ತಿಂದು ಬದುಕಿದ್ದನ್ನು ನೀವು ನೋಡಿರುತ್ತೀರಿ. ಭೇದಿಯಾಗಿ ಬಸವಳಿದ ಮೂರು ಕಿಲೋದ ಮರಿಗೆ ಅದೇ ತುತ್ತು ಹಾಕಿ, ಬೀದಿನಾಯಿ ಗಟ್ಟಿ ಜೀವ ಎನ್ನುವುದು ಲೆಕ್ಕ ತಪ್ಪಿದ ಮಾತು. ಬೀದಿಯಲ್ಲಿ ಗಟ್ಟಿಯಾದ ನಾಯಿಗಳು ಕಾಣುತ್ತವೆ, ಯಾಕೆಂದರೆ ಗಟ್ಟಿಯಿಲ್ಲದವು ಮರಿಯಾಗಿದ್ದಾಗಲೇ ಸತ್ತುಹೋಗಿರುತ್ತವೆ.

ಹಾಲಿನ ವಿಷಯಕ್ಕೆ ಬರೋಣ, ಇದರಲ್ಲಿ ಸಿಟ್ಟು ಬರುವವರು ಹೆಚ್ಚು. ನಮ್ಮಲ್ಲಿ ಹಾಲು ಆಹಾರವಲ್ಲ, ಪುಣ್ಯ. ಹಾವಿಗೆ ಹಾಲು, ಹುತ್ತಕ್ಕೆ ಹಾಲು, ಮರಿಗೆ ಹಾಲು. ಆದರೆ ನಾಯಿಯ ಹಾಲಿಗೂ ಹಸುವಿನ ಹಾಲಿಗೂ ಬಹಳ ದೂರ. ನಾಯಿಹಾಲಿನಲ್ಲಿ ಕೊಬ್ಬು ಮತ್ತು ಪ್ರೋಟೀನು ಹಸುವಿನ ಹಾಲಿನ ಎರಡು ಪಟ್ಟಿಗಿಂತ ಹೆಚ್ಚು, ಲ್ಯಾಕ್ಟೋಸ್ ಎಂಬ ಸಕ್ಕರೆ ಕಡಿಮೆ. ಮೊಲೆ ಬಿಟ್ಟ ಮೇಲೆ ಆ ಸಕ್ಕರೆಯನ್ನು ಅರಗಿಸುವ ಕಿಣ್ವವೂ ಮರಿಯ ಕರುಳಿನಲ್ಲಿ ಇಳಿಯುತ್ತ ಹೋಗುತ್ತದೆ. ಭೇದಿಯಾದಾಗ ಕರುಳಿನ ಒಳಪೊರೆ ಸವೆದು ಇದ್ದ ಕಿಣ್ವವೂ ಹೋಗುತ್ತದೆ. ಅರಗದ ಸಕ್ಕರೆ ಕರುಳಿನೊಳಗೆ ನೀರನ್ನು ಎಳೆದುಕೊಂಡು ಭೇದಿಯನ್ನು ಹೆಚ್ಚಿಸುತ್ತದೆ. ತಂಪಾಗಲಿ ಎಂದು ಹಾಕಿದ್ದು ಒಳಗಿನ ನೀರನ್ನೇ ಹೊರಗೆ ಹಾಕಿಸುತ್ತದೆ. ಇನ್ನೂ ಒಂದು ತೊಂದರೆಯಿದೆ. ಟೆಟ್ರಾಸೈಕ್ಲಿನ್ ಗುಂಪಿನ, ಸಿಪ್ರೊಫ್ಲಾಕ್ಸಸಿನ್ ಗುಂಪಿನ ಔಷಧಗಳು ಹಾಲು-ಮೊಸರಿನ ಕ್ಯಾಲ್ಸಿಯಮ್ಮಿಗೆ ಅಂಟಿಕೊಂಡು ರಕ್ತ ಸೇರದೆ ಹೋಗುತ್ತವೆ. ಗುಳಿಗೆಯನ್ನು ಹಾಲಿನಲ್ಲಿ ಅರೆದು ಕುಡಿಸುವವರು ದುಡ್ಡು ಕೊಟ್ಟು ತಂದ ಔಷಧವನ್ನು ತಾವೇ ಅರ್ಧ ಕೊಂದು ಕೊಡುತ್ತಿರುತ್ತಾರೆ.

ಉಪವಾಸದ ಮಾತು ಅಜ್ಜಿಯದಷ್ಟೇ ಅಲ್ಲ. ಲಂಘನವೇ ಮದ್ದು ಎಂಬುದನ್ನು ಬಹಳ ವರ್ಷ ಪಶುವೈದ್ಯರೂ ಹೇಳುತ್ತಿದ್ದರು, ಕರುಳಿಗೆ ವಿಶ್ರಾಂತಿ ಎಂಬ ಹೆಸರಿನಲ್ಲಿ. ಅಜ್ಜಿಯನ್ನು ನಗುವ ಹಕ್ಕು ಯಾರಿಗೂ ಇಲ್ಲ. ಆದರೆ 2003ರಲ್ಲಿ ದಕ್ಷಿಣ ಆಫ್ರಿಕಾದ ಸಂಶೋಧಕರು ಪಾರ್ವೊ ವೈರಸ್ ತಗುಲಿ ಆಸ್ಪತ್ರೆ ಸೇರಿದ 30 ನಾಯಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ವಾಂತಿ ನಿಲ್ಲುವವರೆಗೆ ಆಹಾರವಿಲ್ಲ, ಇನ್ನೊಂದಕ್ಕೆ ಮೂಗಿನ ನಳಿಗೆಯ ಮೂಲಕ ಮೊದಲ ದಿನದಿಂದಲೇ ಆಹಾರ. ಬೇಗ ಚೇತರಿಸಿಕೊಂಡದ್ದು, ತೂಕ ಏರಿಸಿಕೊಂಡದ್ದು ಉಂಡ ಗುಂಪು. ಕರುಳಿನ ಜೀವಕೋಶಗಳು ತಮ್ಮ ಆಹಾರದ ದೊಡ್ಡ ಪಾಲನ್ನು ಕರುಳಿನಲ್ಲಿ ಹಾದುಹೋಗುವ ಊಟದಿಂದಲೇ ಪಡೆಯುತ್ತವೆ, ಊಟ ನಿಂತರೆ ಅವೂ ಸೊರಗುತ್ತವೆ. ಅದರಲ್ಲೂ ಮೂರು-ನಾಲ್ಕು ತಿಂಗಳೊಳಗಿನ ಮರಿಯ ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನು ಬಹಳ ಕಡಿಮೆ. ಒಂದು ಇಡೀ ದಿನ ಕೆಡವಿದರೆ ರಕ್ತದ ಸಕ್ಕರೆ ಇಳಿದು ಮರಿ ನಡುಗಿ ಬೀಳಬಹುದು. ಮಗುವಿಗೆ ಭೇದಿಯಾದಾಗ ಮೊಲೆಹಾಲು ನಿಲ್ಲಿಸಬೇಡಿ, ಊಟ ನಿಲ್ಲಿಸಬೇಡಿ ಎಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೇಳಿ ಒಂದು ತಲೆಮಾರಿನ ತಾಯಂದಿರ ತಿಳುವಳಿಕೆ ಬದಲಿಸಿದ್ದಾರೆ. ಅದೇ ತಾಯಂದಿರಿಗೆ ಮರಿಯ ವಿಷಯದಲ್ಲಿ ಅದನ್ನು ಹೇಳಿದವರಿಲ್ಲ.

ಇನ್ನು ಅಂಗಡಿಯಿಂದ ಬಂದ ಎರಡನೆಯ ಗುಳಿಗೆ. ಭೇದಿಯೆಂದರೆ ಆಂಟಿಬಯಾಟಿಕ್ಕು ಎಂಬ ಸಮೀಕರಣ ನಮ್ಮ ತಲೆಯಲ್ಲಿ ಗುಣಾಕಾರದ ಮಗ್ಗಿಯಷ್ಟು ಕೂತಿದೆ. ಆದರೆ ಗುಳಿಗೆಯೇ ಭೇದಿಗೆ ಕಾರಣವಾಗಿರುವಾಗ? ಆಂಟಿಬಯಾಟಿಕ್ಕು ಗಾಯದ ಕ್ರಿಮಿ ಯಾವುದು, ಕರುಳಿನ ಬೇಕಾದ ಕ್ರಿಮಿ ಯಾವುದು ಎಂದು ವಿಳಾಸ ಕೇಳಿಕೊಂಡು ಹೋಗುವುದಿಲ್ಲ. ಆರೋಗ್ಯವಾಗಿದ್ದ ನಾಯಿಗಳಿಗೆ ಎರಡು ವಾರ ಮೆಟ್ರೊನಿಡಜೋಲ್ ಕೊಟ್ಟು ನೋಡಿದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧ ನಿಲ್ಲಿಸಿ ನಾಲ್ಕು ವಾರವಾದರೂ ಕರುಳಿನ ಸೂಕ್ಷ್ಮಜೀವಿಗಳು ಪೂರ್ತಿ ಮೊದಲಿನಂತಾಗಿರಲಿಲ್ಲ. 2024ರಲ್ಲಿ ಯುರೋಪಿನ ಪಶುವೈದ್ಯ ತಜ್ಞರ ಒಂದು ಜಾಲ ಹೊರತಂದ ಮಾರ್ಗಸೂಚಿಯಂತೂ ನಾಯಿಯ ಸಾಧಾರಣ ಭೇದಿಗೆ ಆಂಟಿಬಯಾಟಿಕ್ ಬೇಡವೆಂದೇ ಹೇಳುತ್ತದೆ. ಬಹುತೇಕ ಭೇದಿಗಳು ಸರಿಯಾದ ಊಟ, ನೀರಿನಿಂದ ಕೆಲವೇ ದಿನಗಳಲ್ಲಿ ತಾವೇ ನಿಲ್ಲುತ್ತವೆ. ಹಾಗಾಗಿ ಒಂದು ಗುಳಿಗೆ ಕೆಡಿಸಿದ ಹೊಟ್ಟೆಗೆ ಇನ್ನೊಂದು ಗುಳಿಗೆ ತುರುಕುವುದು, ಮಳೆಗೆ ಸೋರುವ ಮಾಳಿಗೆಗೆ ನೀರು ಹೊಡೆದು ತೊಳೆದಂತೆ.

ಇದರ ಅರ್ಥ ಕೊಡುತ್ತಿದ್ದ ಗುಳಿಗೆಯನ್ನು ನಡುವೆ ನಿಲ್ಲಿಸಿ ಎಂದಲ್ಲ. ಹಾಗೆ ನಿಲ್ಲಿಸಬಹುದೋ, ಬದಲಾಯಿಸಬೇಕೋ ಎಂಬುದನ್ನು ವೈದ್ಯರೇ ಹೇಳಬೇಕು, ಓಣಿ ಹೇಳಬಾರದು. ಓಣಿ ಮಾಡಬಹುದಾದದ್ದು ಊಟ. ಆ ಮನೆಯವರು ಮಾಡಿದ್ದು ಇಷ್ಟೇ: ನುಚ್ಚಿನಂತೆ ಮೆತ್ತಗೆ ಬೆಂದ ಬಿಳಿ ಅನ್ನ ಎರಡು ಪಾಲು, ಎಲುಬು, ಚರ್ಮ, ಕೊಬ್ಬು ತೆಗೆದು ಬರೀ ನೀರಿನಲ್ಲಿ ಬೇಯಿಸಿ ಎಳೆಎಳೆಯಾಗಿ ಬಿಡಿಸಿದ ಕೋಳಿ ಒಂದು ಪಾಲು. ಉಪ್ಪಿಲ್ಲ, ಎಣ್ಣೆಯಿಲ್ಲ, ಒಗ್ಗರಣೆಯಿಲ್ಲ. ದಿನದ ಊಟವನ್ನು ಐದಾರು ಸಲಕ್ಕೆ ಹಂಚಿ, ಪ್ರತಿ ಸಲ ಒಂದು ಸಣ್ಣ ಬಟ್ಟಲು. ಗುಳಿಗೆಯನ್ನು ಎರಡು ತುತ್ತಿನ ನಡುವೆ ಹುದುಗಿಸಿ. ಕೋಳಿ ಬೇಯಿಸದ ಮನೆಗಳಲ್ಲಿ ಬೇಯಿಸಿದ ಮೊಟ್ಟೆ ಆಗುತ್ತದೆ, ಅದೂ ಬೇಡವೆಂದರೆ ಸ್ವಲ್ಪ ಪನೀರು, ಅದರಲ್ಲಿ ಲ್ಯಾಕ್ಟೋಸ್ ಕಡಿಮೆ. ಆದರೆ ಪನೀರೂ ಕ್ಯಾಲ್ಸಿಯಮ್ಮೇ, ಮೇಲೆ ಹೇಳಿದ ಎರಡು ಗುಂಪಿನ ಔಷಧವಿದ್ದರೆ ಹೊತ್ತು ಬೇರೆ ಮಾಡಿ. ಒಂದು ಚಮಚ ಬೆಂದ ಕುಂಬಳಕಾಯಿ ಸೇರಿಸಿದರೆ ಒಳ್ಳೆಯದು. ಜೋಳದ ರೊಟ್ಟಿ ಈ ಮೂರ್ನಾಲ್ಕು ದಿನ ಬೇಡ, ನಾರು ಹೆಚ್ಚು. ಮಲ ಗಟ್ಟಿಯಾದ ಮೇಲೆ ಹಳೆಯ ಊಟವನ್ನು ಸ್ವಲ್ಪಸ್ವಲ್ಪವೇ ಬೆರೆಸುತ್ತ ಹೋಗಬೇಕು. ಅನ್ನ-ಕೋಳಿಯನ್ನೇ ತಿಂಗಳುಗಟ್ಟಲೆ ಮುಂದುವರಿಸಿದರೆ ಬೆಳೆಯುವ ಎಲುಬಿಗೆ ಸುಣ್ಣ ಸಾಲುವುದಿಲ್ಲ.

ಕಾಯಬಾರದ ಹೊತ್ತೂ ಇದೆ. ಮಲದಲ್ಲಿ ರಕ್ತ, ಮೇಲಿಂದ ಮೇಲೆ ವಾಂತಿ, ನೀರನ್ನೂ ಒಲ್ಲದ ಸ್ಥಿತಿ, ಒಣಗಿದ ಅಥವಾ ಬಿಳುಚಿದ ಒಸಡು, ಎಬ್ಬಿಸಿದರೂ ಏಳದ ಮಂಕು, ಇವುಗಳಲ್ಲಿ ಒಂದು ಕಂಡರೂ ಅನ್ನದ ಮಾತು ಬಿಟ್ಟು ಆಸ್ಪತ್ರೆಗೆ ಹೋಗಬೇಕು. ಲಸಿಕೆಯಾಗದ ಮರಿಯಲ್ಲಿ ಅದು ಪಾರ್ವೊ ಇರಬಹುದು. ಅದು ವೈರಸ್. ಆಂಟಿಬಯಾಟಿಕ್ಕು ಅದನ್ನು ಕೊಲ್ಲುವುದಿಲ್ಲ, ಸವೆದ ಕರುಳಿನಿಂದ ರಕ್ತಕ್ಕೆ ನುಗ್ಗುವ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ ಅಷ್ಟೇ. ಅಲ್ಲಿ ಜೀವ ಉಳಿಸುವುದು ಮುಖ್ಯವಾಗಿ ನರಕ್ಕೆ ಹಾಕುವ ದ್ರವ.

ಇದು ಸಾಹಿತ್ಯ ಪತ್ರಿಕೆಯಲ್ಲಿ ಬರೆಯುವ ವಿಷಯವೇ ಎಂದು ಕೇಳುವವರಿರುತ್ತಾರೆ. ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ನಾಯಿಯ ಬಗ್ಗೆ ಕಡಿಮೆ ಮಾತಾಡಿದವರಲ್ಲ. ಧರ್ಮರಾಯನ ಹಿಂದೆ ಹೋದ ನಾಯಿಯಿಂದ ಹಿಡಿದು 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಹುಲಿಯನವರೆಗೆ, 'ಕರ್ವಾಲೊ'ದ ಕಿವಿಯವರೆಗೆ ಸೆಮಿನಾರು ಮಾಡಿದ್ದೇವೆ. ಪ್ರಾಣಿ ಮತ್ತು ಮನುಷ್ಯ ಸಂಬಂಧದ ಮೇಲೆ ಈಗ ಪಿಎಚ್.ಡಿ.ಗಳೂ ಆಗುತ್ತಿವೆ, ಆಗಲಿ. ಆದರೆ ಕುವೆಂಪು, ತೇಜಸ್ವಿ ಇಬ್ಬರಿಗೂ ನಾಯಿ ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಯಾವಾಗ ಬಾಲ ಮುದುರುತ್ತದೆ ಎಂಬುದು ಗೊತ್ತಿತ್ತು. ನಾವು ಅವರಿಂದ ಸಂಕೇತವನ್ನು ಎತ್ತಿಕೊಂಡು ಆ ಗೊತ್ತನ್ನು ಅಲ್ಲೇ ಬಿಟ್ಟು ಬಂದಿದ್ದೇವೆ.

ಭಾಷೆಯ ಪ್ರಶ್ನೆಯೂ ಇದೆ, ಅದು ನಮ್ಮದೇ ಪ್ರಶ್ನೆ. ಸುಮಾರು 1125ರ ಹೊತ್ತಿಗೆ ಕಲ್ಯಾಣ ಚಾಲುಕ್ಯ ಮನೆತನದ ಕೀರ್ತಿವರ್ಮ ಕನ್ನಡದಲ್ಲಿ 'ಗೋವೈದ್ಯ' ಬರೆದ. ಅದೇ ಮನೆತನದ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ನಾಯಿಗಳಿಗೆಂದೇ ಸಾರಮೇಯ ವಿನೋದ ಎಂಬ ಭಾಗವಿದೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ನಾವು ಈ ಹೆಸರುಗಳನ್ನು ಬರೆದಿದ್ದೇವೆ. ಪ್ರಾಣಿವೈದ್ಯವನ್ನು ಕನ್ನಡದಲ್ಲಿ ಹೇಳಿ 900 ವರ್ಷ ದಾಟಿದ ನಾಡಿನಲ್ಲಿ, ಇವತ್ತು ನಾಯಿಗೆ ಕೊಡುವ ಗುಳಿಗೆಯ ಪಟ್ಟಿಯ ಮೇಲೆ 'ಊಟದ ಜೊತೆ ಕೊಡಿ' ಎಂಬ ಮೂರು ಪದ ಕನ್ನಡದಲ್ಲಿ ಸಿಗುವುದಿಲ್ಲ. ಬೀದರಿನಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವಿದೆ. ಅದರ ಶ್ವಾನ ಸಂಶೋಧನಾ ಕೇಂದ್ರ ನಮ್ಮ ಜಿಲ್ಲೆಯ ಮುಧೋಳದ ಪಕ್ಕ ತಿಮ್ಮಾಪುರದಲ್ಲೇ ಇದೆ. 2005ರಲ್ಲಿ ಮುಧೋಳ ನಾಯಿಯ ಚಿತ್ರವಿರುವ ಅಂಚೆಚೀಟಿ ಬಂತು, ಸೈನ್ಯಕ್ಕೆ ಮರಿ ಹೋದಾಗ ಪತ್ರಿಕೆಗಳು ಮುಖಪುಟದಲ್ಲಿ ಹಾಕಿದವು. ತಳಿಯ ಹೆಮ್ಮೆಗೆ ನನ್ನ ತಕರಾರಿಲ್ಲ. ತಳಿಯ ನಾಯಿಗೂ ಐಹೊಳೆಯ ಓಣಿಯ ಕುನ್ನಿಗೂ ಕರುಳು ಒಂದೇ, ಅಷ್ಟೇ ನನ್ನ ಮಾತು.

ವೈದ್ಯರ ಕಡೆಯ ಉತ್ತರವೂ ನನಗೆ ಗೊತ್ತು. ಒಬ್ಬರೇ ಹತ್ತಾರು ಹಳ್ಳಿ ನೋಡಬೇಕು, ಎಮ್ಮೆಯ ಹೆರಿಗೆ, ಕಾಲುಬಾಯಿ ರೋಗದ ಲಸಿಕೆ, ಕುರಿಗಳ ಸಾವಿನ ಪಂಚನಾಮೆ, ಇವುಗಳ ನಡುವೆ ಕುನ್ನಿಗೆ ಪಥ್ಯ ಹೇಳುತ್ತ ಕೂರಲು ಪುರುಸೊತ್ತೆಲ್ಲಿ? ಒಪ್ಪುತ್ತೇನೆ, ಆ ದಣಿವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಹೇಳದೆ ಉಳಿಸಿದ ಎರಡು ನಿಮಿಷ ಉಳಿತಾಯವಾಗಲಿಲ್ಲ, ಮೂರನೆಯ ದಿನ ಫೋನಾಗಿ ಅವರ ಬಳಿಗೇ ಬಂತು. ಬಾಯಲ್ಲಿ ಹೇಳಲು ಆಗದಿದ್ದರೆ ಅಚ್ಚು ಹಾಕಿಸಬಹುದು. ಚೀಟಿಯ ಬೆನ್ನು ಖಾಲಿಯಿರುತ್ತದೆ. ಅಲ್ಲಿ ಐದು ಸಾಲು ಕನ್ನಡ ಹಿಡಿಸುತ್ತದೆ. ಗುಳಿಗೆಯನ್ನು ಊಟದ ಜೊತೆ ಕೊಡಿ. ಹಾಲು, ಬಿಸ್ಕೀಟು, ಖಾರ, ಉಳ್ಳಾಗಡ್ಡಿ ಬೇಡ. ಭೇದಿಯಾದರೆ ಗುಳಿಗೆ ನಿಲ್ಲಿಸುವ ಮೊದಲು ಕೇಳಿ. ಮೆತ್ತನೆಯ ಅನ್ನ, ಸಪ್ಪೆ ಕೋಳಿ, ಇಷ್ಟಿಷ್ಟೇ, ದಿನಕ್ಕೆ ಐದಾರು ಸಲ, ನೀರು ಸದಾ ಇರಲಿ. ರಕ್ತ ಕಂಡರೆ ಆ ಹೊತ್ತಿಗೇ ಬನ್ನಿ.

ಈ ಐದು ಸಾಲನ್ನು ಧಾರವಾಡದ ಕನ್ನಡದಲ್ಲಿ, ಕಲಬುರಗಿಯ ಕನ್ನಡದಲ್ಲಿ, ಮಂಗಳೂರಿನ ಕನ್ನಡದಲ್ಲಿ ಬರೆಯಲು ನಮ್ಮ ಎಂ.ಎ. ತರಗತಿಗಳಲ್ಲಿ ಜನರಿದ್ದಾರೆ. ಅನುವಾದ ಪತ್ರಿಕೆಯ ಅಸೈನ್‌ಮೆಂಟಿಗೆ ಪ್ರತಿ ವರ್ಷ ಅದೇ ಮೂರು ಇಂಗ್ಲಿಷ್ ಸಾನೆಟ್ಟುಗಳನ್ನು ಹರಿದು ತಿನ್ನುವ ಬದಲು ಒಂದು ವರ್ಷ ಪಶುಆಸ್ಪತ್ರೆಯ ಚೀಟಿಯನ್ನು ಕೊಡಿ ಎಂದು ನನ್ನ ವಿಭಾಗದ ಸಭೆಯಲ್ಲಿ ಕೇಳಿದೆ. ಎಲ್ಲರೂ ನಕ್ಕರು. ಮುಂದಿನ ಸಭೆ ಜುಲೈನಲ್ಲಿದೆ, ಮತ್ತೆ ಕೇಳುತ್ತೇನೆ.